ಮೋಜಣಿ ಚಾಚಾರ ವಿಮಾನ

ಕಪಾಟಿನ ಮೇಲಿನಿಂದ ಆ ಕೆಂಪು ರಟ್ಟಿನ ವಹಿ ಇಳಿಸಿದೊಡನೆ ಡಾಂಬರು ಗುಳಿಗೆಯ ವಾಸನೆ ಮೂಗಿಗೆ ಬಡಿಯಿತು. ತಾನು ಅಳೆದ ಹೊಲಗಳ ಲೆಕ್ಕವನ್ನು ಜಿರಳೆಗೆ ತಿನ್ನಲು ಬಿಡುವುದಿಲ್ಲವೆಂದು ಹಾಳೆ ಹಾಳೆಗೂ ಗುಳಿಗೆಯ ಪುಡಿ ಉದುರಿಸುತ್ತಿದ್ದ ಮನುಷ್ಯ ಹೋಗಿ ಮೂರು ವರ್ಷವಾಯಿತು. ವಾಸನೆ ಮಾತ್ರ ಜಾಗ ಬಿಟ್ಟಿಲ್ಲ. ನಾನು ವಹಿ ಇಳಿಸಿದ್ದು ಹೊಸ ಲ್ಯಾಪ್‌ಟಾಪಿನ ವಿಮಾನದ ಆಟಕ್ಕೆ ನಕಾಶೆ ಜೋಡಿಸಲು.

ಆಳಂದದಲ್ಲಿ ಅವರದು ನಮ್ಮ ಪಕ್ಕದ ಮನೆ. ಭೂಮಾಪನ ಇಲಾಖೆಯಲ್ಲಿದ್ದವರು, ಓಣಿಗೆಲ್ಲ ಮೋಜಣಿ ಚಾಚಾ. ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲೂಕನ್ನು ಸರಪಳಿ ಹಿಡಿದು ನಡೆದೇ ಅಳೆದವರು. ನಿವೃತ್ತಿಗೆ ಕೆಲವೇ ತಿಂಗಳಿದ್ದಾಗ ಕೊಳಕೂರದ ಹೊಲವೊಂದರ ಬದುವಿನಿಂದ ಜಾರಿಬಿದ್ದು ಸೊಂಟ ಮುರಿದುಕೊಂಡರು. ಹೊರಸಿನ ಮೇಲೆ ಹೊತ್ತು ತಂದು ಜೀಪಿಗೆ ಹಾಕಿದರಂತೆ. ಆಮೇಲೆ ಅವರ ನಡಿಗೆ ಹಾಸಿಗೆಯಿಂದ ಪಡಸಾಲೆಯವರೆಗೆ, ಅದೂ ಗೋಡೆ ಹಿಡಿದು.

ಕಲಬುರಗಿಯ ಅಳಿಯ ಹೊತ್ತು ಹೋಗಲೆಂದು ತನ್ನ ಹಳೆಯ ಕಂಪ್ಯೂಟರನ್ನೂ ಒಂದು ಜಾಯ್‌ಸ್ಟಿಕ್ಕನ್ನೂ ತಂದುಕೊಟ್ಟಿದ್ದ. ನಾನು ಓಣಿಯಲ್ಲಿ ಕಂಪ್ಯೂಟರ್ ಕ್ಲಾಸ್ ನಡೆಸುತ್ತಿದ್ದೆನಾದ್ದರಿಂದ ಚಾಚಾ ನನ್ನನ್ನು ಕರೆಸಿದರು. ಅದರಲ್ಲಿದ್ದ ಆಟದ ವಿಮಾನ ಹಾರಿಸುವುದನ್ನು ಅವರೇ ಕಲಿತಿದ್ದರು. ಬೇಕಾಗಿದ್ದದ್ದು ನಕಾಶೆ, ವಿಮಾನ ಹೋದಂತೆಲ್ಲ ತಾನೂ ಸರಿಯುವ ನಕಾಶೆ.

"ಕೊಳಕೂರದಿಂದ ನನ್ನ ಹೊತ್ತು ತಂದಾರ ಬೇಟಿ. ನನ್ನ ಕಾಲ್ಮ್ಯಾಲ ನಾ ಬಂದಿಲ್ಲ. ಒಂದ ಸಾರಿ ನಾನಾಗೇ ಹೋಗಿ, ನಾನಾಗೇ ವಾಪಸ್ ಬರ್ಬೇಕು," ಎಂದರು.

ನಗು ಬಂತು, ನಗಲಿಲ್ಲ. ಅವರ ಮುಖ ನಗುವ ಹಾಗಿರಲಿಲ್ಲ.

ನಕಾಶೆಯನ್ನು ಟ್ಯಾಬಿನಲ್ಲಿ ಹಾಕಿದೆ. ಎರಡೂ ಒಂದೇ ವೈಫೈನಲ್ಲಿರಬೇಕು, ಕಂಪ್ಯೂಟರಿನ ಅಂಕಿ-ವಿಳಾಸವನ್ನು ಟ್ಯಾಬಿಗೆ ಹೇಳಬೇಕು ಎಂದು ವಿವರಿಸುತ್ತಿದ್ದಂತೆ ಚಾಚಾ, "ಅದಕ್ಕೊಂದು ಸರ್ವೆ ನಂಬರ್ ಅನ್ನು, ಮುಗೀತು," ಎಂದರು. ಕಂಪ್ಯೂಟರಿನ ಕಾವಲು ವ್ಯವಸ್ಥೆ ಎರಡು ದಿನ ಟ್ಯಾಬನ್ನು ಒಳಗೇ ಬಿಡಲಿಲ್ಲ. ಮೂರನೇ ದಿನ ಪುಟ್ಟ ವಿಮಾನವೊಂದು ನಕಾಶೆಯ ಮೇಲೆ ಮೂಡಿತು. ಅದರ ಸುತ್ತ ಕಲಬುರಗಿ ಬಿಟ್ಟರೆ ಬರೀ ಬಯಲು, ಒಂದೂರಿನ ಹೆಸರಿಲ್ಲ.

"ನಿಂಬರ್ಗಾ ಎಲ್ಲಿ?"

"ಸಣ್ಣ ಊರ ತೋರ್ಸಂಗಿಲ್ರಿ ಚಾಚಾ."

"ಸಣ್ಣದು? ಅಲ್ಲಿ ತೊಗರಿ ಹೊಲ ಅಳೀಲಿಕ್ಕಿ ನನಗ ಎರಡ ಜೋಡ ಚಪ್ಪಲ್ ಸವದಾವ!"

ಅಳಿಯನಿಗೆ ಫೋನ್ ಮಾಡಿದೆವು. ಆತ, ದುಬೈ ಮೇಲೆ ಹಾರಿಸಿ ಮಾಮಾ, ಎಲ್ಲಾ ಝಗಝಗ ಕಾಣುತ್ತದೆ, ಇಲ್ಲೇನಿದೆ ನೋಡಲು ಎಂದ. ಚಾಚಾ ಫೋನನ್ನು ಬಾಯಿಯ ಹತ್ತಿರ ತಂದುಕೊಂಡು, "ದುಬೈದಾಗ ನಾ ಒಂದ ಗುಂಟೆ ಸೈತ ಅಳದಿಲ್ಲ," ಎಂದು ಇಟ್ಟೇಬಿಟ್ಟರು. ನಕಾಶೆ ಊರ ಹೆಸರು ಬರೆಯದಿದ್ದರೆ ನಾವೇ ಬರೆಯುವುದು ಎಂದಾಯಿತು.

ಅವರು ವಹಿ ನೋಡಿ ಅಕ್ಷಾಂಶ, ರೇಖಾಂಶ ಹೇಳಿದರು, ನಾನು ಕುಟ್ಟಿದೆ. ಆಳಂದ: ಹದಿನೇಳು, ಮೂವತ್ನಾಲ್ಕು, ಎಪ್ಪತ್ತಾರು, ಮೂವತ್ನಾಲ್ಕು. ಹೀಗೆ ಒಂದೊಂದೇ ಊರು. ಮರುದಿನ ಕಲಬುರಗಿಯಿಂದ ವಿಮಾನ ಎಬ್ಬಿಸಿದರು. ನಕಾಶೆಯಲ್ಲಿ ಆಳಂದ ಬಂತು. ನಾನು ಚಪ್ಪಾಳೆ ತಟ್ಟಿದೆ. ಚಾಚಾ ಮಾತ್ರ ನಕಾಶೆ ಬಿಟ್ಟು ಕಂಪ್ಯೂಟರಿನಲ್ಲಿ ಕೆಳಗಿನ ನೆಲವನ್ನೇ ದಿಟ್ಟಿಸುತ್ತಿದ್ದರು.

"ಇದೇನು ರೈಲ್ ಹಳಿ? ಆಳಂದಕ್ಕ ರೈಲ್ ಯಾವಾಗ ಬಂತು ಬೇಟಿ?"

ಒಳಗಿನಿಂದ ಚಾಚಿ, "ಬಂದಿದ್ರ ಮಿಠಾಯಿ ಹಂಚ್ತಿದ್ರಲ್ಲಾ!" ಎಂದು ನಕ್ಕರು.

ನಾವು ಹಾರುತ್ತಿದ್ದದ್ದು ಗಡಿಯಾಚೆಯ ದುಧನಿಯ ಮೇಲೆ. ಅವರು ಹೇಳಿದ ಮೂವತ್ನಾಲ್ಕು ಅರವತ್ತಕ್ಕೊಂದು ಡಿಗ್ರಿಯಾಗುವ ಮಿನಿಟು. ಮೋಜಣಿಯವರು ಆ ಮಾತನ್ನು ಬಾಯಿಬಿಟ್ಟು ಹೇಳುವುದಿಲ್ಲ. ನಾನೋ ಅದನ್ನು ದಶಮಾಂಶವಾಗಿ ಕುಟ್ಟಿ, ಇಡೀ ತಾಲೂಕನ್ನೇ ಮಹಾರಾಷ್ಟ್ರಕ್ಕೆ ಸೇರಿಸಿಬಿಟ್ಟಿದ್ದೆ. ಚಾಚಾ ಬೈಯಲಿಲ್ಲ. ಕನ್ನಡಕ ಏರಿಸಿ, ಒಂದೊಂದೂರನ್ನೂ ಅರವತ್ತರಿಂದ ಭಾಗಿಸುತ್ತ ಕೂತರು. ಇಷ್ಟೆಲ್ಲ ಯಾಕೆ, ಕೊಳಕೂರ ಒಂದನ್ನೇ ಸರಿಮಾಡೋಣ ಎಂದೆ. ಆಗ ಮಾತ್ರ ಸಿಟ್ಟಿಗೆದ್ದರು.

"ಒಂದ ಗಡಿಕಲ್ಲ ನಂಬಿ ಹದ್ದ ಹಾಕಾವ ಮೋಜಣಿದಾರ ಅಲ್ಲ."

ಸೊಂಟದ ನೋವಿಗೆ ಒಂದು ತಾಸಿಗಿಂತ ಹೆಚ್ಚು ಕೂರಲಾಗುತ್ತಿರಲಿಲ್ಲ. ಹಾಗಾಗಿ ದಿನಕ್ಕೊಂದೂರು. ಆಳಂದ ಆಯಿತು, ನಿಂಬರ್ಗಾ ಆಯಿತು. ಹವಳಗಾದ ಸಕ್ಕರೆ ಕಾರ್ಖಾನೆಯ ಸೂರು ಕಂಡಾಗ ಮೂಗು ಅರಳಿಸಿ, ಕಬ್ಬಿನ ಹಾಲಿನ ವಾಸನೆ ಬಂತೆಂದರು. ಇದ್ದೀತು... ಊರಿನ ಮೇಲೆ ಹಾದು ಕಣ್ಣಾರೆ ಕಂಡ ಮೇಲೆಯೇ ವಹಿಯಲ್ಲಿ ಅದರ ಮುಂದೆ ಕೆಂಪು ಮಸಿಯ ರೈಟ್ ಗುರುತು. ಕಲ್ಲಿನ ಬಳಿ ನಿಂತು ನೋಡಿದವನೇ ಗುರುತು ಹಾಕಬೇಕು, ಒಬ್ಬರಿಗಾಗಿ ಇನ್ನೊಬ್ಬರು ಹಾಕುವಂತಿಲ್ಲ. ಅದು ಅವರ ಇಡೀ ಚಾಕರಿಯ ನೇಮ.

ಉಳಿದದ್ದು ಕೊಳಕೂರ. ಹವಳಗಾದಿಂದ ಭೀಮೆ ದಾಟಿದರೆ ಸಿಗುವ ಊರು. ಐತವಾರ ಹೋಗೋಣವೆಂದರು. ಶನಿವಾರ ಮುಂಜಾನೆ ಎದೆ ಹಿಡಿದುಕೊಂಡವರು ಮಧ್ಯಾಹ್ನಕ್ಕೆ ಇಲ್ಲವಾದರು... ನಲವತ್ತು ದಿನ ಕಳೆದ ಮೇಲೆ ಚಾಚಿ ವಹಿಯನ್ನೂ ಟ್ಯಾಬನ್ನೂ ನನ್ನ ಕೈಗಿಟ್ಟು, "ನಮಗೆಲ್ಲಿ ತಿಳೀತದ ಇದು," ಎಂದರು. ಮೂರು ವರ್ಷ ನಾನು ವಹಿಯನ್ನು ಕಪಾಟಿನ ಮೇಲಿನಿಂದ ಇಳಿಸಲಿಲ್ಲ. ಹೆದರಿಕೆಯೇ, ಮತ್ತೇನಲ್ಲ.

ಕಳೆದ ವಾರ ಎಲ್ಲ ಊರನ್ನೂ ಮತ್ತೆ ಕುಟ್ಟಿದೆ, ಒಂದನ್ನೂ ಬಿಡದೆ. ಹೊಸ ನಕಾಶೆ ಶಾಣ್ಯಾ ಇದೆ. ಈ ಊರುಗಳು ನನ್ನ ಪಟ್ಟಿಯಲ್ಲಿಲ್ಲ, ತೆಗೆದುಹಾಕಲೇ ಎಂದು ಕೇಳಿತು. ಯಾರಪ್ಪನ ಪಟ್ಟಿ? ಬೇಡ ಎಂದು ಒತ್ತಿದೆ. ಇನ್ನೊಮ್ಮೆ ಕೇಳಿತು, ಇನ್ನೊಮ್ಮೆ ಬೇಡ ಎಂದೆ.

ನಿನ್ನೆ ಐತವಾರ. ಕಲಬುರಗಿಯಿಂದ ಎದ್ದು ಆಳಂದ, ನಿಂಬರ್ಗಾ, ಹವಳಗಾ ಬಳಸಿ ಭೀಮೆ ದಾಟಿದೆ. ಕೊಳಕೂರ ಎಂಬ ಕನ್ನಡದ ಅಕ್ಷರ ಟ್ಯಾಬಿನಲ್ಲಿ ಮೆಲ್ಲಗೆ ಸರಿದು ಬಂದು ವಿಮಾನದ ಕೆಳಗೆ ನಿಂತಿತು. ನೆಲ ನೋಡಿದೆ. ಹೊಲಗಳಿದ್ದವು, ಬದುಗಳಿದ್ದವು, ಅವರು ಬಿದ್ದದ್ದು ಯಾವುದರಿಂದಲೋ ನನಗೆ ಗೊತ್ತಿಲ್ಲ. ಅತ್ತುಬಿಟ್ಟೆ, ಅದನ್ನು ಮುಚ್ಚಿಡುವುದೇನಿದೆ. ಆದರೆ ವಿಮಾನವನ್ನು ಬೀಳಗೊಡಲಿಲ್ಲ. ತಿರುಗಿಸಿ ತಂದು ಕಲಬುರಗಿಯಲ್ಲಿ ಇಳಿಸಿದೆ.

ಆಮೇಲೆ ಕೆಂಪು ಪೆನ್ನು ಹಿಡಿದು ವಹಿ ತೆರೆದೆ. ಕೊಳಕೂರದ ಮುಂದಿನ ಅವರ ಜಾಗವನ್ನು ಮುಟ್ಟಲಿಲ್ಲ, ಅದು ಖಾಲಿಯೇ ಇದೆ. ಅದರ ಕೆಳಗೆ ಹೊಸದೊಂದು ಗೆರೆ ಎಳೆದು ಕೊಳಕೂರ ಎಂದು ಮತ್ತೆ ಬರೆದು, ಮುಂದೆ ನನ್ನ ರೈಟ್ ಹಾಕಿದೆ.