ಪೂಜೆಯ ಮಾರನೇ ದಿನ ಜಾರಿದ ಲೈನ್ ಬ್ಲಾಕ್

ನಾನು ರಿಟೈರ್ ಆಗುವ ಹಿಂದಿನ ವರ್ಷ. ಮೈಲಾಪೂರಿನಲ್ಲಿ ಹಳೆಯ ಮನೆಯೊಂದನ್ನು ಕೆಡವಿ ಫ್ಲಾಟ್ ಕಟ್ಟುತ್ತಿದ್ದ ಕಡೆ ಸೈಟ್ ಎಂಜಿನಿಯರ್ ಆಗಿದ್ದೆ. ಮೇಸ್ತ್ರಿ ಮುನಿಯಪ್ಪನವರ ತಂಡವೆಲ್ಲ ಹೊಸೂರಿನ ಕಡೆಯದು. ಚೆನ್ನೈಯಲ್ಲಿ ಕನ್ನಡದಲ್ಲೇ ಜಗಳವಾಡುವ ಸುಖ ನನಗೆ ಅಲ್ಲಿ ಸಿಕ್ಕಿತು.

ಮಾದೇವಿ ಆ ತಂಡದಲ್ಲಿ ಗಾರೆ ಬಾಂಡ್ಲಿ ಹೊರುತ್ತಿದ್ದಳು. ಊಟದ ಬಿಡುವಿನಲ್ಲಿ ಕರಣೆ ಹಿಡಿದು ಇಟ್ಟಿಗೆ ಕೆಲಸವನ್ನೂ ಕಲಿತಿದ್ದಳು. ಆಯುಧಪೂಜೆಯ ಮಾರನೇ ದಿನ ಅವಳೊಂದು ಗೋಡೆ ಕಟ್ಟಿ ತೋರಿಸಬೇಕು. ನೆಟ್ಟಗೆ ಬಂದರೆ ಗಾರೆ ಕೆಲಸದವಳು, ಬಾರದಿದ್ದರೆ ಮತ್ತೆ ಬಾಂಡ್ಲಿ. ಮೇಸ್ತ್ರಿ ಅವಳನ್ನು ಗಾರೆ ಕೆಲಸಕ್ಕೆ ಒಪ್ಪುವವರೆಗೂ ಅವರ ಟೀಗೆ ಸಕ್ಕರೆ ಹಾಕಬಾರದೆಂದು ಟೀ ಹುಡುಗನಿಗೆ ಹೇಳಿಟ್ಟಿದ್ದೆ.

ಗೋಡೆ ನೆಟ್ಟಗಿರಲು ಎರಡು ಮೂಲೆಗಳ ನಡುವೆ ದಾರ ಕಟ್ಟುತ್ತಾರೆ. ದಾರದ ತುದಿ ಹಿಡಿಯುವ, ಇಟ್ಟಿಗೆಯ ಮೂಲೆಗೆ ಕಚ್ಚಿ ಕೂರುವ ಅಂಗೈಯಗಲದ ತುಂಡೇ ಲೈನ್ ಬ್ಲಾಕ್. ಮೊಳೆಯಿಲ್ಲ, ಅಂಟಿಲ್ಲ, ದಾರದ ಎಳೆತಕ್ಕೇ ನಿಲ್ಲಬೇಕು. ಮೇಸ್ತ್ರಿ ಹೊಸದಾಗಿ ಹಳದಿ ಪ್ಲಾಸ್ಟಿಕ್ಕಿನವು ತಂದಿದ್ದರು.

ಅವತ್ತು ಮಾದೇವಿ ಇಟ್ಟಿಗೆ ಇಡುತ್ತಿದ್ದಂತೆ ಬ್ಲಾಕ್ ಜಾರಿತು. ಕೂರಿಸಿದಳು, ಮತ್ತೆ ಜಾರಿತು. ದಾರ ಸಡಿಲಾಗಿ ಇಟ್ಟಿಗೆಯ ಸಾಲು ನಡುವೆ ತಗ್ಗಿತು.

"ನೋಡಿದ್ರಾ ಮೇಡಂ? ಕೈಯಾಗೆ ಬಿಗಿ ಇಲ್ಲ," ಅಂದರು ಮೇಸ್ತ್ರಿ.

"ನನ್ ಕೈ ಅಲ್ಲಣ್ಣ, ಇದು ಮೀನಿನಂಗೆ ಜಾರ್ತೈತೆ!"

ನಾನು ಬ್ಲಾಕ್ ಕೈಗೆತ್ತಿಕೊಂಡೆ. ಬೆರಳಿಗೆ ಎಣ್ಣೆ ಹತ್ತಿತು, ಜೊತೆಗೆ ಕುಂಕುಮ.

"ಮೇಸ್ತ್ರಿ, ಇದಕ್ಕೆ ಅಭ್ಯಂಜನ ಮಾಡಿಸಿದ್ದು ಯಾರು?"

ಅವರು ತಲೆ ಕೆರೆದುಕೊಂಡರು. "ಪೂಜೆ ಅಲ್ವಾ ಮೇಡಂ... ಕರಣೆಗೆ ಹಚ್ಚಿದ ಕೈಯಾಗೆ ಇದಕ್ಕೂ ಹಚ್ಚಿದೆ."

ಒರೆಸಿದರೂ ನುಣುಪು ಹೋಗಲಿಲ್ಲ. ತಗ್ಗಿದ ಸಾಲನ್ನು ಬಿಚ್ಚಿಸಿ, ಬೇರೆ ಬ್ಲಾಕ್ ಹುಡುಕಿದೆವು. ಅಲ್ಯೂಮಿನಿಯಂ ತುಂಡು ಇಟ್ಟಿಗೆಯ ಮೂಲೆಯನ್ನೇ ಚಕ್ಕೆ ಎಬ್ಬಿಸಿತು; ಬಿಸಿಲಿಗೆ ಕಾದು ಕೈಯನ್ನೂ ಸುಟ್ಟಿತು. ಟೈಲ್ಸ್ ಪೆಟ್ಟಿಗೆಯ ಮೆತ್ತನೆ ಮರದಲ್ಲಿ ದಾರ ಕೊರೆದು ಒಳಗಿಳಿಯಿತು. ಹಸಿ ಮರವಂತೂ ಈ ಕಡಲ ಗಾಳಿಗೆ ಸೊಟ್ಟಗಾಗುವುದು ಖಂಡಿತ.

ಆಗ ಮಾದೇವಿ ಕೆಡವಿದ ಮನೆಯ ಕಿಟಕಿ ಚೌಕಟ್ಟುಗಳತ್ತ ಕೈ ತೋರಿಸಿದಳು. ಹಳೆಯ ತೇಗ. ತಲೆಮಾರುಗಳ ಮಳೆಬಿಸಿಲು ತಿಂದ ಮರ, ಇನ್ನು ಹಿಗ್ಗುವುದಿಲ್ಲ. ಬಡಗಿಯಿಂದ ಎರಡು ತುಂಡು ಮಾಡಿಸಿ, ಇಟ್ಟಿಗೆಗೆ ತಾಗುವ ಮುಖಕ್ಕೆ ಉಜ್ಜುಗೊರಡು ಮುಟ್ಟಿಸಬೇಡ, ಗರಗಸದ ಒರಟು ಹಾಗೇ ಇರಲಿ ಎಂದೆ. ಬಿಗಿದ ದಾರವನ್ನು ಮೀಟಿದರೆ ಟಣ್ ಅಂದಿತು. ಬ್ಲಾಕ್ ಅಲುಗಲಿಲ್ಲ.

ಸಂಜೆ ಮೇಸ್ತ್ರಿ ತೂಗುಗುಂಡು ಬಿಟ್ಟು, ಗೋಡೆಯ ಉದ್ದಕ್ಕೂ ಒಂದು ಕಣ್ಣು ಮುಚ್ಚಿ ನೋಡಿದರು. ಬಹಳ ಹೊತ್ತು ನೋಡಿದರು, ತಪ್ಪು ಸಿಗಲೆಂದೇ.

"ನಾಳೆಯಿಂದ ಬಾಂಡ್ಲಿ ಬೇರೆಯೋರು ಹೊರ್ಲಿ," ಅಂದರು. ಅವರ ಟೀಗೆ ಎರಡು ಚಮಚ ಸಕ್ಕರೆ ಹಾಕಿಸಿದೆ.

ವಸ್ತುವನ್ನು ಅಂಗಡಿಯ ಹೊಳಪು ನೋಡಿ ಆರಿಸಬಾರದು, ಅದು ಇನ್ನೊಂದನ್ನು ಮುಟ್ಟುವ ಜಾಗ ನೋಡಿ ಆರಿಸಬೇಕು ಎಂಬುದನ್ನು ನನಗೆ ಕಲಿಸಿದ್ದು ಆ ತುಂಡುಗಳು. ಈಗ ಮಾದೇವಿಯೇ ಒಂದು ತಂಡದ ಮೇಸ್ತ್ರಿ. ಈ ಸಲದ ಆಯುಧಪೂಜೆಗೆ ಕರೆದಿದ್ದಳು. ಅದೇ ತೇಗದ ಬ್ಲಾಕುಗಳು ಬಾಳೆಲೆಯ ಮೇಲಿದ್ದವು, ಹೊರಮುಖಕ್ಕೆ ಮಾತ್ರ ಕುಂಕುಮದ ಬೊಟ್ಟು.

"ಎಣ್ಣೆ ಇಲ್ವೇನೇ? ದೇವರು ಕೋಪ ಮಾಡ್ಕೊಂಡ್ರೆ?"

"ದೇವರ ಗುಡಿ ಗೋಡೆನೂ ನೆಟ್ಟಗಿರಬೇಕಲ್ವಾ ಮೇಡಂ," ಅಂದು ನನ್ನ ಕೈಗೆ ಕಡಲೆ ಉಸಲಿ ಕೊಟ್ಟಳು.