ಲಲಿತಕ್ಕನ ಕತ್ತಿನ ಗಂಟು

ಗೆಳೆಯರೇ, ಇವತ್ತು ಗೆದ್ದೆ! ಜೀವಕೋಶಗಳನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ ರೋಗ ಪತ್ತೆಮಾಡುವ ಪೆಥಾಲಜಿ ಕಲಿಯುತ್ತಿರುವ ಡಾಕ್ಟರ್ ನಾನು; ಈ ತಿಂಗಳು ನನ್ನನ್ನು ಚಿಕ್ಕಮಗಳೂರಿನ ಆಸ್ಪತ್ರೆಯ ಸರ್ಜರಿ ವಿಭಾಗಕ್ಕೆ ಹಾಕಿದ್ದಾರೆ.

"ನೀವು ಸ್ಲೈಡ್ ನೋಡೋರು. ಇಲ್ಲಿ ಸುಮ್ನೆ ನಿಂತು ನೋಡಿ, ಸಾಕು" ಎಂದರು ಸರ್ಜನ್.

ನನಗೆ ಪೆಥಾಲಜಿ ಕಲಿಸುವ ನಮ್ಮ ಮೇಡಂ ಬಿಡಲಿಲ್ಲ. "ನಿಂತು ನೋಡಿದ್ದಕ್ಕೆ ನಾನು ಪಾಸ್ ಮಾಡಲ್ಲ. ಸೂಜಿ ಅವಳೇ ಹಾಕ್ಲಿ, ಸ್ಲೈಡೂ ಅವಳೇ ಓದ್ಲಿ."

ಬಣಕಲ್‌ನ ಲಲಿತಕ್ಕನ ಕತ್ತಿನಲ್ಲಿ ಗಂಟು. ಕ್ಯಾನ್ಸರ್ ಎಂದು ಹೆದರಿ ಗಂಡ ಹೆಂಡತಿ ಊಟವನ್ನೇ ಬಿಟ್ಟಿದ್ದರು. ಗಂಟಿಗೆ ಸೂಜಿ ಹಾಕಿ ಒಳಗಿನ ಜೀವಕೋಶಗಳನ್ನು ಎಳೆದು ಗಾಜಿನ ಸ್ಲೈಡಿಗೆ ಹಚ್ಚಿದೆ. ಸ್ಲೈಡ್ ಓದಿ ಹೇಳಿದೆ. ಮೇಡಂ ತಾವೂ ನೋಡಿ ಹೌದೆಂದರು.

"ಕ್ಯಾನ್ಸರ್ ಅಲ್ಲ ಅಕ್ಕ, ಟಿ.ಬಿ. ಮಾತ್ರೆಯಲ್ಲೇ ವಾಸಿಯಾಗತ್ತೆ."

ಗಂಡ ನನಗೆ ಕೈಮುಗಿದು ಅತ್ತೇಬಿಟ್ಟರು. "ನಿಮ್ ಹೊಟ್ಟೆ ತಣ್ಣಗಿರ್ಲಿ ಮೇಡಂ!"

ಸರ್ಜನ್ ಮೆಲ್ಲಗೆ ಅಂದರು, "ಮುಂದಿನ ಪೇಷೆಂಟಿಗೂ ಸೂಜಿ ನೀವೇ ಹಾಕಿ."

ಟಿ.ಬಿ. ಇದೆ ಎಂದು ಹೇಳಿ ಇಷ್ಟು ಆಶೀರ್ವಾದ ಗಳಿಸಿದ ಡಾಕ್ಟರ್ ಇನ್ನೊಬ್ಬರಿರಲಾರರು.