ಸೇತುವೆ ದಾಟಿದ ಮೇಲಿನ ಭಾರ

ನಲವತ್ತೈದನೇ ವಯಸ್ಸಿನಲ್ಲಿ ನಾನು ಮೈಗಂಟುವ ಬಟ್ಟೆ ತೊಟ್ಟು ರೇಸ್ ಸೈಕಲ್ ಹತ್ತಿದಾಗ ರಾಯಚೂರಿನ ನಮ್ಮ ಓಣಿಯವರು ನಕ್ಕರು. ನಗಲಿ. ಇಪ್ಪತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿದವನಿಗೆ ನಗುವವರ ರೂಢಿ ಇರುತ್ತದೆ. ನಾವು ಆರೇಳು ಮಂದಿ ಹವ್ಯಾಸಿಗಳು ಭಾನುವಾರ ಬೆಳಿಗ್ಗೆ ಕಲ್ಮಲ ದಾಟಿ ದೇವದುರ್ಗದವರೆಗೆ ಪಂದ್ಯ ಕಟ್ಟಿ ತುಳಿಯುತ್ತಿದ್ದೆವು. ನಾನು ಯಾವಾಗಲೂ ಕೊನೆಯಿಂದ ಎರಡನೆಯವನು. ಕೊನೆಯವನಿಗೆ ಅರವತ್ತು ದಾಟಿತ್ತು.

ಅದಕ್ಕೇ ಪವರ್ ಮೀಟರ್ ಇರುವ ಪೆಡಲ್ ತರಿಸಿದೆ. ಕಾಲು ಎಷ್ಟು ಬಲದಿಂದ ತುಳಿಯುತ್ತಿದೆ ಎಂದು ಅದು ಅಳೆದು, ಹ್ಯಾಂಡಲ್ ಮೇಲಿನ ಪುಟ್ಟ ಪರದೆಗೆ ವ್ಯಾಟ್ ಲೆಕ್ಕದಲ್ಲಿ ಕಳಿಸುತ್ತದೆ. ವೇಗ ನಮಗೆ ಮೋಸ ಮಾಡಬಹುದು, ಬೆನ್ನಿಗೆ ಗಾಳಿ ಸಿಕ್ಕರೆ ಮುದುಕನೂ ಶೂರ. ದಣಿವೂ ಮೋಸ ಮಾಡುತ್ತದೆ. ಪೆಡಲ್ ಮಾತ್ರ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತದೆ. ಅದರ ಈ ಗುಣ ನನಗೆ ಬಹಳ ಹಿಡಿಸಿತು.

ತಾಲೀಮಿಗೆ ಮಾನ್ವಿ ದಾರಿ ಹಿಡಿಯುತ್ತಿದ್ದೆ. ಮಾನ್ವಿ ದಾಟಿ ಪೋತ್ನಾಳ ಮುಟ್ಟುವ ಮೊದಲೇ ತಿರುಗಿಬಿಡುತ್ತಿದ್ದೆ. ಪೋತ್ನಾಳದ ಆಚೆ ನಮ್ಮೂರಿನ ಕಡೆಗೆ ಹಳ್ಳದ ಮೇಲೊಂದು ಸಣ್ಣ ಸೇತುವೆ ಇದೆ. ಹದಿನೇಳನೇ ವಯಸ್ಸಿನ ನಂತರ ಅದರ ಮೇಲೆ ನಾನು ಸೈಕಲ್ ಹೊಡೆದಿರಲಿಲ್ಲ. ಊರಿಗೆ ಹೋಗುವುದಾದರೆ ಬಸ್ಸು, ಅದರಲ್ಲೂ ಕಿಟಕಿಯಿಂದ ದೂರದ ಸೀಟು.

ಒಂದು ಚಳಿಗಾಲದ ಬೆಳಿಗ್ಗೆ ಮೊಂಡು ಧೈರ್ಯ ಮಾಡಿ ಪೋತ್ನಾಳ ದಾಟಿದೆ. ಸೇತುವೆಯ ಆಚೆ ಬದಿಯವರೆಗೆ ಸೈಕಲ್ ತಾನಾಗಿಯೇ ಓಡಿತು. ಅಲ್ಲಿಂದ ತಿರುಗಿದೆ. ಮತ್ತೆ ಸೇತುವೆ ದಾಟಿ ಪೋತ್ನಾಳದ ಕಡೆ ನಾಲ್ಕು ಸಲ ತುಳಿದಿದ್ದೆನೋ ಇಲ್ಲವೋ, ಸೈಕಲ್ ಭಾರವಾಯಿತು. ಅದೇ ಭಾರ. ಇಪ್ಪತ್ತೆಂಟು ವರ್ಷದ ಹಿಂದೆ ಇದೇ ಜಾಗದಲ್ಲಿ ತೊಡೆಗೆ ಇಳಿದಿದ್ದ ಭಾರ, ಗುರುತಿನವರು ಹೆಗಲ ಮೇಲೆ ಕೈ ಇಟ್ಟ ಹಾಗೆ. ಪರದೆಯಲ್ಲಿ ಅಂಕಿ ಏರುತ್ತಿತ್ತು, ವೇಗ ಇಳಿಯುತ್ತಿತ್ತು.

ನಮ್ಮ ಕಡೆ ಹಿರಿಯರು ಹೇಳುವುದುಂಟು: ಜನ ಇಲ್ಲದ ಜಾಗದಲ್ಲಿ ಸೈಕಲ್ ಇದ್ದಕ್ಕಿದ್ದಂತೆ ಭಾರವಾದರೆ ಕ್ಯಾರಿಯರ್ ಮೇಲೆ ಯಾರೋ ಹತ್ತಿ ಕೂತಿದ್ದಾರೆ ಎಂದರ್ಥ. ತಿರುಗಿ ನೋಡಬಾರದು, ಮಾತಾಡಿಸಬಾರದು. ಊರು ಹತ್ತಿರ ಬಂದಾಗ ತಾವೇ ಇಳಿದು ಹೋಗುತ್ತಾರೆ. ನನ್ನ ರೇಸ್ ಸೈಕಲ್ಲಿಗೆ ಕ್ಯಾರಿಯರ್ರೇ ಇಲ್ಲ. ಆದರೂ ನಾನು ತಿರುಗಿ ನೋಡಲಿಲ್ಲ.

ಹದಿನೇಳನೇ ವಯಸ್ಸಿನಲ್ಲಿ ನನ್ನ ಹಿಂದೆ ಕೂತಿದ್ದವನು ಅಪ್ಪ. ಕುರಿ ಕಾಯುತ್ತಿದ್ದ ಗಟ್ಟಿ ಆಳು, ಹತ್ತು ದಿನದ ಜ್ವರಕ್ಕೆ ಒಣಗಿ ಹೋಗಿದ್ದ. ಅಂದು ಬಸ್ಸುಗಳು ಬಂದ್. ಅವ್ವ ಅಪ್ಪನನ್ನು ಕಂಬಳಿಯಲ್ಲಿ ಸುತ್ತಿ ಅವನದೇ ಕರಿ ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂಡಿಸಿದಳು. ಬೀಳದಿರಲಿ ಎಂದು ಅವನ ನಡುವಿಗೂ ನನ್ನ ನಡುವಿಗೂ ಸೇರಿಸಿ ಟವೆಲ್ ಕಟ್ಟಿದಳು. ಮಾನ್ವಿ ಆಸ್ಪತ್ರೆಗೆ ಒಯ್ಯಬೇಕಿತ್ತು. ಅಪ್ಪನ ಹಣೆ ನನ್ನ ಬೆನ್ನಿಗೆ ಒರಗಿತ್ತು, ಅಂಗಿಯ ಮೂಲಕ ಅದರ ಬಿಸಿ ತಾಗುತ್ತಿತ್ತು. ಸೇತುವೆ ದಾಟಿದ ಕೂಡಲೇ ಅವನು ಭಾರವಾದ. ನಾನು ಕರೆದೆ. ಉತ್ತರ ಬರಲಿಲ್ಲ. ನಿದ್ದೆ ಹತ್ತಿರಬೇಕು ಅಂದುಕೊಂಡೆ.

ಪೋತ್ನಾಳದಲ್ಲಿ ನನ್ನ ಕಾಲು ಸೋತವು. ಒಂದು ಅಂಗಡಿಯವನ ಸಹಾಯದಿಂದ ಅಪ್ಪನನ್ನು ಇಳಿಸಿ ಕಟ್ಟೆಗೆ ಒರಗಿಸಿ, ಬಿಸಿಲು ಬೀಳದಂತೆ ಮುಖಕ್ಕೆ ಟವೆಲ್ ಹೊದಿಸಿದೆ. ಆಮೇಲೆ ಚಹಾ ಕುಡಿದೆ. ಚಹಾ ಅಷ್ಟೇ ಅಲ್ಲ, ಎರಡು ಮಿರ್ಚಿ ಬಜ್ಜಿ ತಿಂದೆ, ಹಸಿವಾಗಿತ್ತು. ಅರ್ಧ ತಾಸು ಕೂತೆ. ಮಾನ್ವಿ ಮುಟ್ಟಿದಾಗ ಡಾಕ್ಟರು ಕಣ್ಣ ರೆಪ್ಪೆ ಎತ್ತಿ ನೋಡಿ ತಲೆ ಅಲ್ಲಾಡಿಸಿದರು. ಯಾವಾಗ ಜೀವ ಹೋಯಿತು ಎಂದು ಕೇಳಿದೆ. ಹೇಳಲು ಬರುವುದಿಲ್ಲ ಅಂದರು.

ಮಣ್ಣು ಮಾಡಿ ಬಂದ ಮೇಲೆ ಮೂರು ದಿನ ನನ್ನ ಬಾಯಿಗೆ ತುತ್ತು ಇಳಿಯಲಿಲ್ಲ. ನಾಲ್ಕನೇ ದಿನ ಅವ್ವನ ಮುಂದೆ ಚಹಾ, ಮಿರ್ಚಿ, ಅರ್ಧ ತಾಸು, ಎಲ್ಲ ಒಪ್ಪಿಕೊಂಡೆ. ಅವಳು ಕೇಳಿದಳು, ದಾರಿಯಲ್ಲಿ ಎಲ್ಲಿ ಭಾರವಾದ ಎಂದು. ಸೇತುವೆ ದಾಟಿದ ಮೇಲೆ ಅಂದೆ.

"ಹಂಗಾದ್ರ ಅಲ್ಲೇ ಹೋಗ್ಯಾನ ನಿಮ್ಮಪ್ಪ" ಅಂದಳು. "ಜೀವ ಹೋದ ಮೈ ಭಾರ ಆಗ್ತದ. ಆಮ್ಯಾಲ ನೀ ಓಡಿಸಿದ್ರೂ ಅಷ್ಟ, ಕುಂತ್ರೂ ಅಷ್ಟ. ಉಣ್ಣು."

ಉಂಡೆ. ಓದಿದೆ, ಮಾಸ್ತರನಾದೆ, ಮದುವೆಯಾದೆ. ಆ ಒಂದು ಮಾತಿನ ಮೇಲೆ ನನ್ನ ಇಡೀ ಬಾಳು ನಿಂತಿತ್ತು. ಸತ್ತ ಮೈ ತೂಕದಲ್ಲಿ ಹೆಚ್ಚುವುದಿಲ್ಲ ಎಂದು ಮಕ್ಕಳಿಗೆ ಪಾಠ ಹೇಳಬಲ್ಲವನು, ಅದೊಂದು ಲೆಕ್ಕವನ್ನು ಮಾತ್ರ ಬಿಡಿಸದೆ ಇಟ್ಟುಕೊಂಡಿದ್ದೆ.

ಆ ಚಳಿಗಾಲದ ಸವಾರಿಯ ದಾಖಲೆಯನ್ನು ನನ್ನ ಜೊತೆ ತುಳಿಯುವ ಔಷಧ ಅಂಗಡಿಯವರೊಬ್ಬರು ಮೊಬೈಲಿನಲ್ಲಿ ನೋಡಿದರು. ಸೇತುವೆಯ ಜಾಗಕ್ಕೆ ಬೆರಳಿಟ್ಟು, "ಇಲ್ಲಿ ಸಣ್ಣ ಏರು ಅದ ನೋಡ್ರಿ ಸರ್" ಅಂದರು. ನನಗೆ ಸಿಟ್ಟು ಬಂತು. ಅದು ಹಲಗೆಯಂಥ ಸಪಾಟು ರಸ್ತೆ, ನಾನು ಹುಟ್ಟಿದ ನೆಲ, ಮೊಬೈಲ್ ನನಗೆ ಹೇಳಿಕೊಡುವುದು ಬೇಡ ಎಂದೆ. ಅವರು ಪಾಪ ಮೊಬೈಲ್ ಜೇಬಿಗೆ ಹಾಕಿಕೊಂಡರು. ನಾನು ಆ ವಾರ ಸರಿಯಾಗಿ ನಿದ್ದೆ ಮಾಡಲಿಲ್ಲ.

ಏರು ಇದ್ದರೆ ಭಾರ ರಸ್ತೆಯದು. ರಸ್ತೆಯದಾದರೆ ಅಪ್ಪ ಸೇತುವೆಯ ಹತ್ತಿರ ಸತ್ತಿರಲೇಬೇಕೆಂದಿಲ್ಲ. ಪೋತ್ನಾಳದ ಕಟ್ಟೆಯ ಮೇಲೆ, ಟವೆಲಿನ ಕೆಳಗೆ, ನಾನು ಮಿರ್ಚಿ ತಿನ್ನುವಾಗ ಅವನು ಬದುಕಿದ್ದಿರಬಹುದು. ಪರೀಕ್ಷಿಸುವ ದಾರಿ ವಿಜ್ಞಾನದ ಮಾಸ್ತರನಿಗೆ ಹೊಳೆಯದೆ ಇರುತ್ತದೆಯೇ? ಅಪ್ಪ ಜ್ವರ ಬರುವ ಮುನ್ನ ಸಂತೆಯಲ್ಲಿ ಕುರಿ ತೂಗುವ ಕಾಟಾದ ಮೇಲೆ ತಮಾಷೆಗೆ ಕೂತಿದ್ದ: ಐವತ್ತೆರಡು ಕೆಜಿ. ಅಷ್ಟೇ ತೂಕದ ಭತ್ತದ ಚೀಲ ಹೇರಿ ಅದೇ ದಾರಿ ತುಳಿಯಬೇಕು. ಭತ್ತದ ಚೀಲಕ್ಕೆ ಸಾವಿಲ್ಲ. ಅದೂ ಸೇತುವೆ ದಾಟಿ ಭಾರವಾದರೆ ಮುಗಿಯಿತು.

ಯುಗಾದಿಗೆ ಅವ್ವನನ್ನು ಕರೆದುಕೊಂಡು ಊರಿನ ತಮ್ಮನ ಮನೆಗೆ ಹೋದೆ. ಅವ್ವ ರಾಯಚೂರಿನಲ್ಲಿ ನನ್ನ ಜೊತೆಯೇ ಇರುತ್ತಾಳೆ. ಅಪ್ಪನ ಕರಿ ಸೈಕಲ್ ತಮ್ಮನ ಹತ್ತಿರ ಇನ್ನೂ ಇತ್ತು. ಅದರ ಪೆಡಲ್ ಬಿಚ್ಚಿ ನನ್ನವನ್ನು ಕೂಡಿಸಿ, ಹ್ಯಾಂಡಲ್ಲಿಗೆ ಪುಟ್ಟ ಪರದೆ ಸಿಕ್ಕಿಸಿದೆ. ಚೀಲ ಜಾರುತ್ತಿತ್ತು, ಅದಕ್ಕೆ ಹಳೆಯ ಕಂಬಳಿ ಸುತ್ತಿ, ಟವೆಲಿನಿಂದ ನನ್ನ ನಡುವಿಗೆ ಬಿಗಿದುಕೊಂಡೆ. ಅವ್ವ ಕಟ್ಟೆಯ ಮೇಲೆ ಕೂತು ಎಲ್ಲ ನೋಡುತ್ತಿದ್ದಳು. "ಬ್ಯಾಡ ಬಿಡಪ್ಪ" ಅಂದಳು. ನಾನು ಬಿಡಲಿಲ್ಲ.

ಎಲೆ ಅಲುಗದ ಬೆಳಿಗ್ಗೆ. ವೇಗ ಗಂಟೆಗೆ ಹದಿನಾಲ್ಕು ಕಿಲೋಮೀಟರಿಗೆ ಕಟ್ಟಿಕೊಂಡು ತುಳಿದೆ. ಅಂಕಿ ಎಂಬತ್ತು ವ್ಯಾಟಿನ ಆಸುಪಾಸು ನಿಂತಿತು. ಚೀಲದ ಬಾಯಿಯ ಗಂಟು ನನ್ನ ಬೆನ್ನಿಗೆ ಒರಗಿತು, ಸರಿಯಾಗಿ ಎರಡು ಹೆಗಲಿನ ನಡುವೆ. ಅಂಗಳದ ಬಿಸಿಲಿನಲ್ಲಿ ಇದ್ದದ್ದಕ್ಕೋ ಏನೋ, ಆ ಗಂಟು ಬೆಚ್ಚಗಿತ್ತು. ಸೇತುವೆಯ ಮೇಲೆ ಒಂದು ನಾಯಿ ಮಲಗಿತ್ತು. ನನ್ನನ್ನು ನೋಡಿ ಏಳಲಿಲ್ಲ, ನನ್ನ ಹಿಂದೆ ನೋಡಿ ಎದ್ದು ಗದ್ದೆಗೆ ಇಳಿದು ಹೋಯಿತು.

ಸೇತುವೆ ದಾಟಿದೆ. ತೊಂಬತ್ತು. ನೂರ ಹತ್ತು. ನೂರ ಮೂವತ್ತು. ವೇಗ ಅದೇ ಹದಿನಾಲ್ಕು. ತೊಡೆಗೆ ಅದೇ ಭಾರ ಇಳಿಯಿತು. ಕಣ್ಣಿಗೆ ರಸ್ತೆ ಸಪಾಟಾಗಿಯೇ ಕಾಣುತ್ತಿತ್ತು. ಬೆನ್ನಿನ ಮೇಲಿನ ಬಿಸಿ ಆರಲಿಲ್ಲ. ಅದು ಆರಲಿ ಎಂದು ನಾನು ಬೇಡಿಕೊಂಡೆ. ಭತ್ತದ ಚೀಲ ಸಾಯಲಿ ಎಂದು ಬೇಡಿಕೊಂಡವನು ಈ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು.

ಪೋತ್ನಾಳ ಹತ್ತಿರವಾದಾಗ ಗದ್ದೆಯ ಬದುವಿನಲ್ಲಿ ಹುಲ್ಲು ಕೊಯ್ಯುತ್ತಿದ್ದ ಹೆಂಗಸೊಬ್ಬಳು ತಲೆ ಎತ್ತಿ, "ಯಾರನ್ನ ಕರಕೊಂಡು ಹೊಂಟೀರಿ?" ಎಂದು ಕೇಳಿದಳು.

ಭತ್ತ ಎನ್ನಬೇಕಿತ್ತು. "ನಮ್ಮಪ್ಪನ್ನ" ಅಂದೆ.

"ಲಗೂನ ಹೋಗ್ರಿ ಯಪ್ಪಾ, ಕುತ್ತಿಗಿ ಜೋತು ಬಿದ್ದದ."

ಅಂದು ಯಾರೂ ನನಗೆ ಇದನ್ನು ಹೇಳಿರಲಿಲ್ಲ. ಮೈಯೆಲ್ಲ ತಣ್ಣಗಾಯಿತು, ಬೆನ್ನಿನ ಆ ಅಂಗೈಯಗಲ ಜಾಗ ಬಿಟ್ಟು. ಪೋತ್ನಾಳದಲ್ಲಿ ಆ ಅಂಗಡಿ ಈಗ ಮೊಬೈಲ್ ಅಂಗಡಿ, ಕಟ್ಟೆ ಮಾತ್ರ ಹಾಗೇ ಇದೆ. ನಾನು ನಿಲ್ಲಲಿಲ್ಲ. ಕಾಲು ಸೋತರೂ, ಗಂಟಲು ಒಣಗಿದರೂ ತುಳಿದೆ. ಮಾನ್ವಿ ಆಸ್ಪತ್ರೆಯ ಗೇಟಿನ ಮುಂದೆ ಸೈಕಲ್ ನಿಲ್ಲಿಸಿ ಟವೆಲ್ ಬಿಚ್ಚಿದೆ. ಕಂಬಳಿ ಸುತ್ತಿದ ಚೀಲ ಹಿಡಿದುಕೊಂಡು ಅಳುತ್ತಿದ್ದವನನ್ನು ನೋಡಿ ಕಾವಲುಗಾರ ಸ್ಟ್ರೆಚರ್ ತರಲು ಒಳಗೆ ಓಡಿದ. ಅವನಿಗೆ ಏನು ಹೇಳಿ ಸಮಾಧಾನ ಮಾಡಿದೆನೋ ನೆನಪಿಲ್ಲ.

ಚೀಲ, ಸೈಕಲ್ ಸಮೇತ ಟೆಂಪೋದಲ್ಲಿ ಊರಿಗೆ ಬಂದಾಗ ಮಧ್ಯಾಹ್ನ. ಅವ್ವ ಕಟ್ಟೆ ಬಿಟ್ಟು ಕದಲಿರಲಿಲ್ಲ. ನಿನ್ನ ಯಂತ್ರ ಏನು ಹೇಳಿತು ಎಂದು ಕೇಳಿದಳು. ಸುಳ್ಳು ಹೇಳಬೇಕೆಂದು ದಾರಿಯುದ್ದಕ್ಕೂ ತಯಾರಾಗಿದ್ದೆ. ಅವಳ ಮುಖ ನೋಡಿ ಆಗಲಿಲ್ಲ. ಅಲ್ಲಿ ಏರು ಇದೆ, ಭಾರ ಏರಿನದು ಅಂದೆ.

"ಗೊತ್ತದ" ಅಂದಳು. "ತಲಿ ಮ್ಯಾಲ ಹೊರಿ ಹೊತ್ತು ಪೋತ್ನಾಳ ಸಂತಿಗೆ ಅಡ್ಡಾಡಿದಾಕಿ ನಾ. ಆ ಏರು ಕಣ್ಣಿಗೆ ಕಾಣಂಗಿಲ್ಲ, ಕುತ್ತಿಗಿಗೆ ತಿಳೀತದ."

ಹಾಗಾದರೆ ಅಂದು ಯಾಕೆ ಹಾಗೆ ಹೇಳಿದೆ ಎಂದು ಕೇಳಿದೆ.

"ನೀ ಮೂರು ದಿನದಿಂದ ಉಂಡಿದ್ದಿಲ್ಲ" ಅಂದಳು.

ಅವ್ವ ಎದ್ದು ಟವೆಲ್ ಮಡಚಿದಳು, ಚೀಲದ ಕಂಬಳಿ ಬಿಚ್ಚಿ ಒಳಗೆ ಒಯ್ದಳು. ನಾನು ಚೀಲ ಇಳಿಸಲು ಹೋದೆ. ಬಾಯಿಯ ಗಂಟು ಇನ್ನೂ ಬೆಚ್ಚಗಿತ್ತು. ಬಿಸಿಲು, ಮತ್ತೇನಲ್ಲ.

ಈಗಲೂ ತಿಂಗಳಿಗೊಮ್ಮೆ ಆ ಸೇತುವೆಯ ಆಚೆ ಬದಿಯವರೆಗೆ ಹೋಗಿ ತಿರುಗುತ್ತೇನೆ. ಮರಳಿ ದಾಟಿದ ಕೂಡಲೇ ಅಂಕಿ ಏರುತ್ತದೆ, ರಸ್ತೆಯ ಏರು ಎಂದು ನನಗೆ ಗೊತ್ತು. ಬಾಟಲಿ ಖಾಲಿಯಾಗಿದ್ದರೂ ಪೋತ್ನಾಳದಲ್ಲಿ ನಿಲ್ಲುವುದಿಲ್ಲ. ಮಾನ್ವಿ ಆಸ್ಪತ್ರೆಯ ಗೇಟು ದಾಟುವವರೆಗೆ ಹಿಂದೆ ತಿರುಗಿ ನೋಡುವುದೂ ಇಲ್ಲ.